ಖಾಲಿ ರಸ್ತೆಯಲ್ಲಿ ಯಾರೋ ಕಾರು ತಟ್ಟಿದರು

ಎರಡು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಜಾಗ, ತುಮಕೂರು ರಸ್ತೆಯ ಒಂದು ಕಾರ್ ಶೋರೂಂ. ಅಲ್ಲಿದ್ದವರು ನಾನು, ನನ್ನ ಹೆಂಡತಿ ಕಮಲಾ, ನಮ್ಮ ಮಗಳು ಸವಿತಾ, ಮತ್ತು ಕಾರು ತೋರಿಸುವ ಕೆಲಸದ ಕಿರಣ್. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿರುವ ಸಂಗತಿಗಳು ಹೆಚ್ಚಿಲ್ಲ.

ಕಾರಣ ಹೇಳಲಾಗದ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದುತ್ತಿದ್ದೆ, ಆದರೆ ನಂಬುತ್ತಿರಲಿಲ್ಲ. ಬರೆದವರು ಸುಳ್ಳು ಹೇಳುತ್ತಾರೆಂದಲ್ಲ, ಸರಿಯಾಗಿ ವಿಚಾರಿಸಿಲ್ಲ ಎನಿಸುತ್ತಿತ್ತು. ನನ್ನ ಕೈಕೆಳಗಿನ ಡ್ರೈವರುಗಳಲ್ಲಿ ಯಾರಾದರೂ ದಾರಿಯಲ್ಲಿ ಏನೋ ಕಂಡೆನೆಂದು ಬಂದು ಹೇಳಿದರೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳುತ್ತಿದ್ದೆ. ಆಮೇಲೆ ಕಣ್ಣು ತೋರಿಸಿಕೊಂಡು ಬಾ ಎಂದು ಕಳಿಸುತ್ತಿದ್ದೆ. ಹೆಚ್ಚಿನವರು ಕನ್ನಡಕ ಹಾಕಿಕೊಂಡೇ ವಾಪಸು ಬಂದರು.

ನಾನು ಗದಗದ ಕಡೆಯವನು. ಜಾಲಹಳ್ಳಿಯ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಬಂದೆ, ಇಲ್ಲೇ ಮನೆ ಮಾಡಿದೆ. ಸಾರಿಗೆ ವಿಭಾಗದಲ್ಲಿ ಮೊದಲು ಡ್ರೈವರ್, ಆಮೇಲೆ ಮೇಲ್ವಿಚಾರಕ. ಮೊದಲ ಪಾಳಿಯವರನ್ನು ಕರೆತರುವ ಬಸ್ಸುಗಳು ಬೆಳಕು ಹರಿಯುವ ಮುಂಚೆ ಹೊರಡಬೇಕಿತ್ತು. ಒಂದು ಬಸ್ಸು ತಡವಾದರೆ ಅಷ್ಟು ಯಂತ್ರಗಳ ಮುಂದೆ ಜನ ಇಲ್ಲ. ಹೀಗಾಗಿ ಪ್ರತಿಯೊಂದಕ್ಕೂ ಒಂದು ಕ್ರಮವಿತ್ತು, ಆ ಕ್ರಮ ನನ್ನ ಮೈಗೆ ಹತ್ತಿತು. ನಿವೃತ್ತನಾದ ಮೇಲೂ ಬಿಡಲಿಲ್ಲ. ಈಗಲೂ ಗಾಡಿಯನ್ನು ಒಂದು ಸುತ್ತು ಹಾಕಿ, ಕೆಳಗೆ ಬಗ್ಗಿ ನೋಡದೆ ಬಾಗಿಲು ತೆಗೆಯುವುದಿಲ್ಲ.

ಹೊಸ ಕಾರಿನ ಮಾತು ಬಂದದ್ದು ಕಮಲಾಳಿಂದ. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಯಶವಂತಪುರದ ಒಂದು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಕರೆದೊಯ್ಯುವವನು ನಾನು. ಬರುವಾಗ ಅವಳಿಗೆ ಸುಸ್ತು, ಹೊಟ್ಟೆ ತೊಳಸುವುದು. ನಮ್ಮ ಹಳೆಯ ಡೀಸೆಲ್ ಕಾರಿನ ನಡುಕ ಅವಳಿಗೆ ತಡೆಯಲಾಗದಾಯಿತು. ಬಾಡಿಗೆ ಕಾರು ಕರೆಸಿದರೆ ಇಬ್ಬರು ಬರುತ್ತೇನೆಂದು ಹೇಳಿ ಬಾರದೇ ಇರುತ್ತಿದ್ದರು, ಮೂರನೆಯವನು ಬಂದು ಹಂಪು ಹಾರಿಸುತ್ತಿದ್ದ. ನಾನು ಓಡಿಸಿದರೆ ಮಾತ್ರ ಅವಳು ಗೊರಗುಂಟೆಪಾಳ್ಯ ದಾಟುವ ಹೊತ್ತಿಗೆ ನಿದ್ದೆ ಹೋಗುತ್ತಿದ್ದಳು. ದಿನವಿಡೀ ಅವಳಿಗೆ ಸಿಗುವ ಒಳ್ಳೆಯ ನಿದ್ದೆ ಅದೊಂದೇ.

ಸವಿತಾ ಸೋಲದೇವನಹಳ್ಳಿಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಗಂಡನೊಂದಿಗೆ ಯಲಹಂಕದಲ್ಲಿ ಇದ್ದಾಳೆ. ಎತ್ತರದ ಸೀಟಿನ, ಸದ್ದಿಲ್ಲದ, ನಡುಕವಿಲ್ಲದ ಎಲೆಕ್ಟ್ರಿಕ್ ಕಾರು ಕೊಡಿಸುತ್ತೇನೆಂದಳು. ಆದರೆ ಒಂದು ಷರತ್ತು ಹಾಕಿದಳು. ನನಗೆ ಎಪ್ಪತ್ತು ದಾಟಿದೆ. ಆ ಕಾರನ್ನು ನಾನು ಓಡಿಸುವುದನ್ನು ಅವಳು ಹಿಂದೆ ಕೂತು ನೋಡಬೇಕು. ಸರಿ ಅನ್ನಿಸಿದರೆ ಕೀಲಿ ನನಗೆ, ಇಲ್ಲವಾದರೆ ಡ್ರೈವರನ್ನು ಇಡುವುದು. ಷರತ್ತು ನನಗೆ ಒಪ್ಪಿಗೆಯಾಯಿತು. ನಾನಾಗಿದ್ದರೂ ಅದನ್ನೇ ಹಾಕುತ್ತಿದ್ದೆ. ಆದರೂ ಆ ಶನಿವಾರ ರಾತ್ರಿ ಅಂಗಿಗೆ ಇಸ್ತ್ರಿ ಹಾಕುವಾಗ, ಕೆಲಸಕ್ಕೆ ಸಂದರ್ಶನ ಕೊಡಲು ಹೊರಟವನ ಅಳುಕು ನನ್ನಲ್ಲಿತ್ತು.

ಕಿರಣ್ ಮೂವತ್ತರ ಆಸುಪಾಸಿನ, ಚೆನ್ನಾಗಿ ಮಾತಾಡುವ ಮನುಷ್ಯ. ನಾನು ಕಾರಿನ ಸುತ್ತ ಬಂದು ಕೆಳಗೆ ಬಗ್ಗಿದಾಗ ಏನಾದರೂ ಬಿತ್ತಾ ಸರ್ ಎಂದು ಕೇಳಿದ. ಆಮೇಲೆ ಪಕ್ಕದಲ್ಲಿ ಕೂತು ಎಲ್ಲ ವಿವರಿಸಿದ. ಗೇರಿಲ್ಲ, ಕ್ಲಚ್ಚಿಲ್ಲ, ವೇಗ ಹೆಚ್ಚಿಸುವ ಪೆಡಲಿನಿಂದ ಕಾಲು ತೆಗೆದರೆ ಗಾಡಿ ತಾನೇ ನಿಧಾನವಾಗುತ್ತದೆ. ಹಿಂದೆ ಏನಿದೆ ಎಂಬುದನ್ನು ಮುಂದಿನ ಪರದೆಯೇ ತೋರಿಸುತ್ತದೆ. ಹತ್ತಿರ ಏನಾದರೂ ಬಂದರೆ ಕೂಗುತ್ತದೆ. ಹಿಂದಿನ ಸೀಟಿನಲ್ಲಿ ಎಡಕ್ಕೆ ಕಮಲಾ, ಬಲಕ್ಕೆ ಸವಿತಾ.

ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ಲಾರಿಗಳ ನಡುವೆ ನಿಂತೆವು. ಕಾರು ಎಷ್ಟು ನಿಶ್ಶಬ್ದವಾಯಿತೆಂದರೆ ಕಮಲಾ ಹಿಂದಿನಿಂದ, "ಬಂದ್ ಬಿತ್ತೇನ್ರಿ ಗಾಡಿ? ಇನ್ನ ತಳ್ಳಾಕ ನಾನ ಇಳೀಬೇಕೇನು?" ಎಂದಳು. ಕಿರಣ್ ಜೋರಾಗಿ ನಕ್ಕ. ಆದರೆ ನನ್ನ ಕೈಯೂ ಅಷ್ಟರಲ್ಲಿ ಇಲ್ಲದ ಕೀಲಿಯನ್ನು ತಡಕಾಡಿತ್ತು. ಸವಿತಾ ಹಿಂದಿನಿಂದ ಅದನ್ನು ನೋಡಿದ್ದು ಕನ್ನಡಿಯಲ್ಲಿ ಕಾಣಿಸಿತು. ಅದೊಂದನ್ನು ಬಿಟ್ಟರೆ ನನಗೆ ಯಾವ ತೊಡಕೂ ಆಗಲಿಲ್ಲ. ಜಾಲಹಳ್ಳಿ ಕಡೆ ತಿರುಗಿದ ಮೇಲೆ ಕಮಲಾ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನನಗೆ ಬೇಕಿದ್ದದ್ದು ಅಷ್ಟೇ. ಈ ಕಾರು ನಮ್ಮದು ಎಂದುಕೊಂಡೆ.

ರಿವರ್ಸ್ ನೋಡಬೇಕೆಂದು ಹೇಳಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಹಿಂದಿನ ರಸ್ತೆಗೆ ತಿರುಗಿಸಿದವನು ನಾನೇ. ಕ್ವಾರ್ಟರ್ಸ್ ಅರ್ಧ ಖಾಲಿ. ರಸ್ತೆಯ ಒಂದು ಬದಿಗೆ ಕಾಂಪೌಂಡು, ಇನ್ನೊಂದು ಬದಿಗೆ ಹೊಂಗೆ ಮರಗಳು, ಕೊನೆಯಲ್ಲಿ ಒಂದು ತಿರುವು. ಆ ತಿರುವಿನಲ್ಲೇ ನಾನು ಹೊಸ ಡ್ರೈವರುಗಳಿಗೆ ಬಸ್ ಹಿಂದಕ್ಕೆ ತೆಗೆಸಿ ಪರೀಕ್ಷೆ ಮಾಡುತ್ತಿದ್ದೆ. ಬಸ್ಸಿನ ಹಿಂದೆ ನಿಲ್ಲುತ್ತಿದ್ದವನು ನಮ್ಮ ಬಸ್ ಶೆಡ್ಡಿನ ಸಹಾಯಕ ಖಲೀಲ್. ಆಗ ಕ್ಯಾಮೆರಾ ಎಲ್ಲಿತ್ತು, ಖಲೀಲನ ಅಂಗೈಯೇ ಇದ್ದದ್ದು. ಬಸ್ಸಿನ ಹಿಂಬದಿಯ ಎಡ ತಗಡಿಗೆ ಎರಡು ಸಲ ಪಟಪಟನೆ ತಟ್ಟಿದರೆ ಬಾ ಎಂದು, ಒಂದೇ ಸಲ ತಟ್ಟಿದರೆ ನಿಲ್ಲು ಎಂದು. ಅವನ ಬೆರಳಲ್ಲಿ ದಪ್ಪನೆಯ ಬೆಳ್ಳಿ ಉಂಗುರವಿತ್ತು. ಹೀಗಾಗಿ ಅಂಗೈ ಬಡಿದ ಸದ್ದಿನ ಬಾಲಕ್ಕೆ ಒಂದು ಸಣ್ಣ ಲೋಹದ ಸದ್ದು ಸೇರಿರುತ್ತಿತ್ತು. ಬೇರೆ ಯಾರು ತಟ್ಟಿದರೂ ಹಾಗೆ ಬರುತ್ತಿರಲಿಲ್ಲ.

ಅಂದು ತಿರುವಿನವರೆಗೆ ಹೋಗಿ, ನಿಲ್ಲಿಸಿ, ಹಿಂದಕ್ಕೆ ತೆಗೆಯತೊಡಗಿದೆ. ಗಾಜುಗಳು ಏರಿದ್ದವು. ಪರದೆಯಲ್ಲಿ ಖಾಲಿ ರಸ್ತೆ ಕಾಣುತ್ತಿತ್ತು. ತಿರುವು ಅರ್ಧ ಮುಗಿದಿರಬೇಕು, ಹಿಂದಿನ ಎಡಬದಿಯಲ್ಲಿ ಯಾರೋ ಒಂದು ಸಲ ತಟ್ಟಿದರು. ಅಂಗೈ, ಅದರ ಬಾಲಕ್ಕೆ ಉಂಗುರ. ನನ್ನ ಕಾಲು ನನ್ನನ್ನು ಕೇಳದೆ ಬ್ರೇಕಿನ ಮೇಲೆ ಕೂತಿತು. ಎಲ್ಲರೂ ಒಮ್ಮೆ ಜೋಲಿ ಹೊಡೆದು ಸೀಟಿಗೆ ಬಿದ್ದರು.

"ಹಿಂದೆ ಯಾರೋ ತಟ್ಟಿದರಲ್ಲ?" ಎಂದೆ.

ಕಿರಣ್ ಪರದೆಯ ಕಡೆ ಬೆರಳು ಮಾಡಿದ. "ಯಾರೂ ಇಲ್ಲ ಸರ್, ಫುಲ್ ಕ್ಲಿಯರ್. ಇದ್ದಿದ್ರೆ ಗಾಡೀನೇ ಬಡ್ಕೊಳ್ತಿತ್ತು."

ಸವಿತಾ ಹಿಂದಿನ ಗಾಜಿನಲ್ಲಿ ಇಣುಕಿ ನೋಡಿದಳು. "ಯಾರೂ ಇಲ್ಲ ಅಪ್ಪಾ. ನನಗೇನೂ ಕೇಳಿಸ್ಲಿಲ್ಲ. ಸ್ವಲ್ಪ ನೀರು ಕುಡೀತೀರಾ?" ಎಂದಳು. ಆಸ್ಪತ್ರೆಯಲ್ಲಿ ಅವಳ ಅಮ್ಮನೊಂದಿಗೆ ಮಾತಾಡುವ ದನಿ ಅದು. ಅದನ್ನು ಅವಳು ನನಗೆ ಬಳಸಿದ್ದು ಅದೇ ಮೊದಲು. ಕಾರು ನನ್ನ ಕೈ ತಪ್ಪಿತು ಎಂದು ಆಗಲೇ ಅನ್ನಿಸಿತು.

ಆಗ ಕಮಲಾ ಕಣ್ಣು ತೆರೆದು ಹೇಳಿದಳು: "ಬಡದ್ರಲ್ಲ, ಎರಡ ಸಲ. ನನ್ನ ಕಿವಿ ಹತ್ರನ."

ನಾನು ಇಳಿದೆ. ರಸ್ತೆಯ ಎರಡೂ ತುದಿಗೆ ಯಾರೂ ಇಲ್ಲ. ಕಾಂಪೌಂಡು ಹಾರಿ ಓಡಲು ಅದು ಆಳೆತ್ತರಕ್ಕಿಂತ ಹೆಚ್ಚು. ಮರದ ಹಿಂದೆ ನೋಡಿದೆ, ಕಾರಿನ ಕೆಳಗೆ ನೋಡಿದೆ. ಹಿಂದೆ ಹಳ್ಳವಿಲ್ಲ, ತೆರೆದ ಮೋರಿಯಿಲ್ಲ, ಕಲ್ಲಿಲ್ಲ, ಮಲಗಿದ ನಾಯಿ ಕೂಡ ಇಲ್ಲ. ನನ್ನನ್ನು ನಿಲ್ಲಿಸಲು ಯಾವ ಕಾರಣವೂ ಅಲ್ಲಿರಲಿಲ್ಲ. ಒಣಗಿದ ಹೊಂಗೆ ಕಾಯಿ ಬಿದ್ದಿರಬಹುದೆಂದು ನಾಲ್ಕಾರು ಆರಿಸಿ, ಒಂದೊಂದಾಗಿ ಕಾರಿನ ಮೇಲೆ ಬೀಳಿಸಿ ಕೇಳಿದೆ. ಟಿಕ್ ಎಂದು ಬಿತ್ತು, ಅಷ್ಟೇ. ಹಿಂಬದಿಯ ಧೂಳಿನಲ್ಲಿ ಕೈ ಗುರುತು ಹುಡುಕಿದೆ. ದಿನವೂ ಹತ್ತಾರು ಜನ ಮುಟ್ಟಿ ನೋಡುವ ಕಾರು ಅದು, ಮೈತುಂಬ ಕೈ ಗುರುತು.

ಅದೇ ಜಾಗದಲ್ಲಿ ಮತ್ತೆ ಮತ್ತೆ ಹಿಂದಕ್ಕೆ ತೆಗೆದೆ. ಗಾಜು ಇಳಿಸಿ, ಗಾಜು ಏರಿಸಿ, ಎ.ಸಿ. ಹಾಕಿ, ಎ.ಸಿ. ಆರಿಸಿ. ಒಮ್ಮೆ ಬೇಕೆಂದೇ ಬ್ರೇಕನ್ನು ಹಾಗೆಯೇ ಒತ್ತಿ. ಕಾರಿನಿಂದ ಆ ಬಗೆಯ ಸದ್ದು ಬರಲೇ ಇಲ್ಲ. ಕಿರಣ್ ಪಾಪ, ಮುಂದಿನ ಗಿರಾಕಿ ಕಾಯುತ್ತಿದ್ದರೂ ಸುಮ್ಮನೆ ಕೂತಿದ್ದ. ಕೊನೆಗೆ ಶೋರೂಮಿಗೆ ಮರಳಿದೆವು.

ಮನೆಗೆ ಬಂದ ಮೇಲೆ ನನ್ನನ್ನು ಹಿಡಿದ ಯೋಚನೆ ಬೇರೆ. ಖಲೀಲನೊಂದಿಗೆ ಮಾತಾಡಿ ಬಹಳ ದಿನವಾಗಿತ್ತು. ನನಗಿಂತ ಅವನು ಸ್ವಲ್ಪ ದೊಡ್ಡವನು. ಇಂಥ ಕಥೆಗಳು ಹೇಗೆ ಮುಗಿಯುತ್ತವೆ ಎಂಬುದು ನಿಮಗೂ ಗೊತ್ತು. ಫೋನನ್ನು ಅವನ ಮಗನೋ ಸೊಸೆಯೋ ಎತ್ತುತ್ತಾರೆ, ಇವತ್ತು ಬೆಳಗ್ಗೆ ಎನ್ನುತ್ತಾರೆ. ನಾನು ಅದನ್ನೆಲ್ಲ ನಂಬದವನು. ಆದರೂ ಊಟ ಮಾಡುವಷ್ಟು ಹೊತ್ತು, ಪತ್ರಿಕೆಯನ್ನು ಎರಡನೆಯ ಸಲ ಓದುವಷ್ಟು ಹೊತ್ತು ಫೋನ್ ಮುಟ್ಟಲಿಲ್ಲ.

ಕೊನೆಗೆ ಮಾಡಿದೆ. ಎತ್ತಿದವನು ಖಲೀಲನೇ.

"ಏನ್ ಸಾಬ್, ಇದೀನಾ ಹೋದ್ನಾ ಅಂತ ಚೆಕ್ಕಿಂಗಾ?" ಎಂದ.

ಬೆಳಗ್ಗೆ ಎಲ್ಲಿದ್ದೆ ಎಂದು ಕೇಳಿದೆ. ಆರ್.ಟಿ. ನಗರದ ಮನೆಯಲ್ಲಿ, ಟಿ.ವಿ. ಮುಂದೆ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದನಂತೆ. ನಿದ್ದೆ ಬಂದಿತ್ತೇ ಎಂದರೆ ಇಲ್ಲ, ಮೊಮ್ಮಗಳು ಪಕ್ಕದಲ್ಲಿ ಕುಣಿಯುತ್ತಿದ್ದಳು ಎಂದ. ಮೈಯಲ್ಲಿ ಏನೂ ತೊಂದರೆಯಿಲ್ಲ, ಮಂಡಿ ಒಂದನ್ನು ಬಿಟ್ಟು. ಉಂಗುರ ವಿಚಾರಿಸಿದೆ. ಅದಕ್ಕೆ ಅವನಿಗೆ ಆಶ್ಚರ್ಯವಾಯಿತು. ಬೆರಳು ಊದಿ ಆ ಉಂಗುರವನ್ನು ಅಕ್ಕಸಾಲಿಗನಿಂದ ಕತ್ತರಿಸಿ ತೆಗೆಸಿದ್ದನಂತೆ. ಆ ಬೆಳ್ಳಿ ಈಗ ಮೊಮ್ಮಗಳ ಕಾಲಗೆಜ್ಜೆಯಲ್ಲಿ ಸೇರಿದೆ.

ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ. ಕೆಲಸದ ವಿಷಯ ಕೇಳುವವನಂತೆ ಕೇಳಿಸಿಕೊಂಡ. "ಹಿಂದೆ ಏನಿತ್ತು ಸಾಬ್?" ಎಂದ.

"ಏನೂ ಇರಲಿಲ್ಲ."

"ಹಂಗಾದ್ರೆ ನಾನಲ್ಲ ಬಿಡಿ. ಏನೂ ಇಲ್ದೆ ನಾನ್ಯಾಕೆ ತಟ್ತೀನಿ?"

ಅವನು ಹೇಳಿದ್ದು ನಿಜ. ಅಷ್ಟು ವರ್ಷದಲ್ಲಿ ಕಾರಣವಿಲ್ಲದೆ ಅವನು ಒಂದು ಬಸ್ಸನ್ನೂ ನಿಲ್ಲಿಸಿದವನಲ್ಲ. ಫೋನ್ ಇಟ್ಟ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಮನುಷ್ಯ ಬದುಕಿದ್ದಾನೆ, ನಗುತ್ತಿದ್ದಾನೆ. ಆದರೆ ಗೊಂದಲ ಹೆಚ್ಚಿತು. ಸತ್ತವನಾಗಿದ್ದರೆ ಜನ ಹೇಳುವ ಒಂದು ಉತ್ತರವಾದರೂ ಇರುತ್ತಿತ್ತು. ಬದುಕಿರುವವನ ಕೈ, ಇಲ್ಲದ ಉಂಗುರ ಹಾಕಿಕೊಂಡು, ಖಾಲಿ ರಸ್ತೆಯಲ್ಲಿ ನನ್ನನ್ನು ಏಕೆ ನಿಲ್ಲಿಸಬೇಕು?

ಸಂಜೆ ಚಹಾದ ಹೊತ್ತಿಗೆ ಸವಿತಾ ತಾನೇ ಮಾತು ತೆಗೆದಳು. ನಾನು ಬೇಡ ಎಂಬ ಮಾತಿಗೆ ಸಿದ್ಧನಾಗಿದ್ದೆ. ಅವಳು ಹೇಳಿದ್ದು ಬೇರೆ. "ಗೊರಗುಂಟೆಪಾಳ್ಯದ ಜಂಕ್ಷನ್ನಲ್ಲಿ ನಾನೂ ಅಷ್ಟು ನೀಟಾಗಿ ಓಡಿಸಲ್ಲ ಅಪ್ಪಾ. ಒಂದು ಬ್ರೇಕ್ ಹೊಡೆದ್ರಿ, ಅಷ್ಟೇ ತಾನೆ? ಬುಕ್ ಮಾಡ್ತೀನಿ, ನೀವೇ ಓಡಿಸಿ." ಅಮ್ಮನಿಗೂ ಕೇಳಿಸಿದ ಮೇಲೆ ಏನೋ ಸದ್ದು ಆಗಿರಲೇಬೇಕು ಎಂಬುದು ಅವಳ ಲೆಕ್ಕ. ಕಮಲಾಳ ಆ ಒಂದು ಮಾತಿನಿಂದ ಕೀಲಿ ನನಗೆ ಉಳಿದಿತ್ತು.

ನನಗೆ ಆ ಮಾತೇ ಮುಳ್ಳಾಗಿತ್ತು. ನಾನು ಕೇಳಿದ್ದು ಒಂದು ಸಲ, ಅವಳು ಹೇಳಿದ್ದು ಎರಡು ಸಲ. ಗಂಡನ ಮರ್ಯಾದೆ ಉಳಿಸಲು ಹೇಳಿದಳೇ? ಹಾಗೆ ಉಳಿಸಿಕೊಂಡ ಕೀಲಿಯನ್ನು ಹಿಡಿದು ಅವಳನ್ನೇ ಹಿಂದೆ ಕೂರಿಸಿಕೊಂಡು ಹೋಗುವುದು ಹೇಗೆ? ಸವಿತಾ ಅಡುಗೆಮನೆಗೆ ಹೋದಾಗ ಕಮಲಾಳನ್ನು ನೇರವಾಗಿ ಕೇಳಿದೆ: ನಿಜವಾಗಿ ಕೇಳಿಸಿತೇ, ಇಲ್ಲ ನನ್ನ ಸಲುವಾಗಿ ಹೇಳಿದೆಯಾ?

ಅವಳಿಗೆ ಸಿಟ್ಟು ಬಂತು. "ಸುಳ್ಳು ಹೇಳಿ ನಾನೇನ ಗಳಿಸೋದೈತಿ? ಮೊದಲ ಒಂದ ಸಲ ಜೋರ ಬಡದ್ರು. ನೀವ ಗಾಡಿ ನಿಲ್ಲಿಸಿದ್ರಿ. ಸವಿತಾ ನೀರ ಬೇಕೇನು ಅಂದ್ಲಲ್ಲ, ಆಗ ಇನ್ನೊಂದ ಸಲ. ಸಣ್ಣಗ. ನಿಮಗ ಕೇಳಿಸಲಿಲ್ಲೇನು?"

ನನಗೆ ಕೇಳಿಸಿರಲಿಲ್ಲ. ಆದರೆ ಅದು ಏನೆಂದು ನನಗೆ ಗೊತ್ತಿತ್ತು. ನಮ್ಮ ಶೆಡ್ಡಿನಲ್ಲಿ ಪಾಳಿ ಮುಗಿಸಿ ಬಂದ ಬಸ್ಸನ್ನು ಗೋಡೆಗೆ ನಿಲ್ಲಿಸುವಾಗ ಖಲೀಲ್ ಒಮ್ಮೆ ಜೋರಾಗಿ ತಟ್ಟುತ್ತಿದ್ದ, ಡ್ರೈವರ್ ನಿಲ್ಲಿಸುತ್ತಿದ್ದ. ಆಮೇಲೆ ಖಲೀಲ್ ಬಗ್ಗಿ, ಬಸ್ಸು ಉರುಳದಂತೆ ಗಾಲಿಗಳಿಗೆ ಕಲ್ಲು ಕೊಡುತ್ತಿದ್ದ. ಕೊಟ್ಟಾದ ಮೇಲೆ ಮೆಲ್ಲಗೆ ಇನ್ನೊಂದು ಸಲ ತಟ್ಟುತ್ತಿದ್ದ. ಕೆಲಸ ಮುಗಿಯಿತು, ಇನ್ನು ಇಳಿ ಎಂದು ಅದರ ಅರ್ಥ. ಅದು ಬರುವ ತನಕ ಡ್ರೈವರ್ ಸೀಟಿನಿಂದ ಏಳುವಂತಿರಲಿಲ್ಲ. ಶೆಡ್ಡಿನ ಮಾತನ್ನು ನಾನು ಮನೆಗೆ ತಂದವನಲ್ಲ. ಕಮಲಾ ಆ ಶೆಡ್ಡನ್ನು ಒಳಗೆ ಬಂದು ನೋಡಿದವಳೂ ಅಲ್ಲ.

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಅವಳಿಗೆ ಏನೂ ವಿವರಿಸಲಿಲ್ಲ.

ಯಾವುದೋ ಕೈ ಇಳಿ ಎಂದಿತೆಂದು ನಾನು ಇಳಿಯುವವನಲ್ಲ. ನನ್ನ ಕಾರಣ ಬೇರೆ. ಬಸ್ಸಿನಲ್ಲಿ ಗೊತ್ತಿಲ್ಲದ ಸದ್ದು ಬಂತೆಂದು ಡ್ರೈವರ್ ಹೇಳಿದರೆ, ಕಾರಣ ಸಿಗುವ ತನಕ ಆ ಬಸ್ಸನ್ನು ನಾನು ರಸ್ತೆಗೆ ಬಿಡುತ್ತಿರಲಿಲ್ಲ. ಜನ ತುಂಬಿದ ಗಾಡಿಯಲ್ಲಿ ಇರಲಿ ನೋಡೋಣ ಎಂಬ ಮಾತು ನಡೆಯದು. ಇಲ್ಲಿ ರಸ್ತೆ ನೋಡಿದ್ದೆ, ಮರ ನೋಡಿದ್ದೆ, ಕಾರನ್ನು ಎಲ್ಲ ರೀತಿಯಲ್ಲೂ ನೋಡಿದ್ದೆ. ಕಾರಣ ಸಿಗಲಿಲ್ಲ. ನೋಡದೆ ಉಳಿದದ್ದು ಡ್ರೈವರ್ ಒಬ್ಬನನ್ನೇ, ಎಂದರೆ ನನ್ನನ್ನು. ಸವಿತಾ ಬಂದಾಗ, ಕಾರು ಬುಕ್ ಮಾಡು, ಒಬ್ಬ ಒಳ್ಳೆಯ ಡ್ರೈವರನ್ನೂ ನೋಡು ಎಂದೆ. ಅವಳು ನನ್ನ ಮುಖ ನೋಡಿದಳು, ವಾದ ಮಾಡಿದಳು. ಕಮಲಾ, "ನನ್ನ ನಿದ್ದಿಗೇನ ಮಾಡ್ತೀರಿ?" ಎಂದು ಮಾತ್ರ ಕೇಳಿದಳು.

ಆಮೇಲೆ ಕಿವಿ, ತಲೆ ಎರಡನ್ನೂ ವೈದ್ಯರಿಗೆ ತೋರಿಸಿದೆ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿವೆ ಎಂದರು. ಮತ್ತೆ ಓಡಿಸಬಹುದು ಎಂದು ಸವಿತಾ ಹೇಳುತ್ತಲೇ ಇದ್ದಾಳೆ. ಒಳ್ಳೆಯ ಮನುಷ್ಯನೊಬ್ಬ ಡ್ರೈವರಾಗಿ ಸಿಕ್ಕಿದ್ದಾನೆ, ಹಂಪು ಹಾರಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ನಾನು ಕಮಲಾಳ ಪಕ್ಕ ಕೂರುತ್ತೇನೆ. ಮೊದಲ ಕೆಲವು ವಾರ ಅವಳು ಎಚ್ಚರವಾಗಿಯೇ ಇದ್ದಳು, ಈಗ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಾಳೆ. ನಾನು ಕಿವಿಗೊಟ್ಟು ಕೂತಿರುತ್ತೇನೆ. ಈ ಎರಡು ವರ್ಷದಲ್ಲಿ ಏನೂ ಕೇಳಿಸಿಲ್ಲ. ನನ್ನ ಕಿವಿಗೆ ಬಿದ್ದದ್ದು ನನ್ನ ನೆನಪೇ ಆಗಿದ್ದರೆ, ಎರಡನೆಯದು ಅವಳಿಗೆ ಹೇಗೆ ಕೇಳಿಸಿತು? ಅದು ಹೊರಗಿನದೇ ಆಗಿದ್ದರೆ, ಸವಿತಾಳಿಗೂ ಕಿರಣನಿಗೂ ಒಂದೂ ಏಕೆ ಕೇಳಿಸಲಿಲ್ಲ? ನಾನು ಸರಿಯಾದದ್ದನ್ನೇ ಮಾಡಿದೆನೋ, ಒಂದು ಸದ್ದಿಗೆ ಹೆದರಿ ಅವಳಿಗೆ ಅನ್ಯಾಯ ಮಾಡಿದೆನೋ, ಅದೂ ಗೊತ್ತಾಗಿಲ್ಲ. ಯಾರಿಗಾದರೂ ಹೊಳೆದರೆ ಹೇಳಿ, ಕೇಳಿಸಿಕೊಳ್ಳುತ್ತೇನೆ.

ಆ ಭಾನುವಾರ ಒಂದು ಕೆಲಸ ಬಾಕಿಯಿತ್ತು. ನಮ್ಮ ಡೀಸೆಲ್ ಕಾರು ಹೊರಗೆ ನಿಂತಿತ್ತು. ಕತ್ತಲಾಗುವ ಮುಂಚೆ ಅದರ ಸುತ್ತ ಒಮ್ಮೆ ಬಂದು, ಕೆಳಗೆ ನೋಡಿ, ಹತ್ತಿ ಕೂತೆ. ಹಿಂದಕ್ಕೆ ತೆಗೆದು ಕಾಂಪೌಂಡಿನ ಒಳಗೆ ಗೋಡೆಗೆ ಸರಿಯಾಗಿ ನಿಲ್ಲಿಸಿದೆ. ಎಂಜಿನ್ ಆರಿಸಿ, ಗಾಜು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮೆಲ್ಲಗೆ ತಟ್ಟುವ ಆ ಸದ್ದಿಗೆ ಕಿವಿಗೊಟ್ಟು ಸೀಟಿನಲ್ಲೇ ಕೂತಿದ್ದೆ. ಪಕ್ಕದ ಮನೆಯ ಕುಕ್ಕರ್ ಕೂಗಿತು. ಇಳಿದು, ಹಿಂದಿನ ಎರಡೂ ಗಾಲಿಗೆ ಇಟ್ಟಿಗೆ ಕೊಟ್ಟು, ಗೇಟಿಗೆ ಬೀಗ ಹಾಕಿದೆ.